ಓಟ್ಟೊ ಕರಿಯುಸ್ ಕೊನೆವರೆಗೂ ಟೈಗರ್ ಟ್ಯಾಂಕಿನಲ್ಲೇ ಇದ್ದರಾ?

ಇಲ್ಲ, ಎರಡನೇ ಮಹಾಯುದ್ಧದ ಈ ಜರ್ಮನ್ ಟ್ಯಾಂಕ್ ಯೋಧನಿಗೆ ಟೈಗರ್ ಎಂಬ ಭಾರೀ ಟ್ಯಾಂಕ್ ಮೊದಲನೆಯದೂ ಅಲ್ಲ, ಕೊನೆಯದೂ ಅಲ್ಲ. ತೂಕ ಕಡಿಮೆ ಅಂತ ಸೈನ್ಯ ಅವರನ್ನು ಎರಡು ಸಲ ವಾಪಸ್ ಕಳಿಸಿತ್ತು. 1941ರಲ್ಲಿ ರಷ್ಯಾಕ್ಕೆ ಹೋದಾಗ ಜೆಕ್ ನಿರ್ಮಿತ ಸಣ್ಣ ಟ್ಯಾಂಕಿನಲ್ಲಿ ಗುಂಡು ತುಂಬುವ ಕೆಲಸ. 1943ರಲ್ಲಿ 502ನೇ ಭಾರೀ ಟ್ಯಾಂಕ್ ಬೆಟಾಲಿಯನ್‌ಗೆ ಬಂದ ಮೇಲೆ ಟೈಗರ್ ಸಿಕ್ಕಿತು. 1944ರ ಮೇನಲ್ಲಿ ನೈಟ್ಸ್ ಕ್ರಾಸ್ ಎಂಬ ಶೌರ್ಯ ಪದಕ, ಜುಲೈನಲ್ಲಿ ಅದರ ಮೇಲೆ ಓಕ್ ಎಲೆಗಳ ಗೌರವ.

ಜುಲೈ 22ರ ಮಾಲಿನಾವಾ ಕಾಳಗವನ್ನು ಗಮನವಿಟ್ಟು ಓದಿ. ಲಾಟ್ವಿಯಾದ ಆ ಹಳ್ಳಿಗೆ ಸುಮ್ನೆ ನುಗ್ಗಲಿಲ್ಲ, ಮೊದಲು ಹೋಗಿ ನೋಡಿ ಬಂದರು. ನನಗೆ ಅವರಲ್ಲಿ ಜಾಸ್ತಿ ಹಿಡಿಸುವುದು ಈ ಎಚ್ಚರವೇ. ಆದರೆ ಅದೆಲ್ಲ ಹಿಟ್ಲರನ ಯುದ್ಧಕ್ಕೆ ದುಡಿದದ್ದು, ಅದನ್ನು ಮರೆಯಬಾರದು ಅಲ್ವಾ? ಆ ಕಾಳಗವಾದ ಎರಡೇ ದಿನದಲ್ಲಿ ಕರಿಯುಸ್ ತೀವ್ರವಾಗಿ ಗಾಯಗೊಂಡರು.

1945ರಲ್ಲಿ ಜರ್ಮನಿಯ ರೂರ್ ಪ್ರದೇಶದಲ್ಲಿ ಯಾಗ್ಡ್‌ಟೈಗರ್ ಎಂಬ ಟ್ಯಾಂಕ್ ನಾಶಕ ಗಾಡಿಗಳ ತುಕಡಿಯ ನಾಯಕ. ಸುಮಾರು 70 ಟನ್ ತೂಕದ ಗಾಡಿ, ತಿರುಗುವ ಗೋಪುರವಿಲ್ಲ. ಪಕ್ಕಕ್ಕೆ ಗುರಿ ಇಡಲು ಇಡೀ ಗಾಡಿಯನ್ನೇ ತಿರುಗಿಸಬೇಕಿತ್ತು. ಏಪ್ರಿಲ್‌ನಲ್ಲಿ ಅಮೆರಿಕನ್ನರಿಗೆ ಶರಣಾದರು. ಆಮೇಲೆ ಔಷಧಿ ಅಂಗಡಿ ನಡೆಸಿದರು, ಅದರ ಹೆಸರು ಟೈಗರ್ ಅಪೊಥೆಕೆ.