ಹನ್ನೊಂದು ವರ್ಷ ನಿಂತ ಅಂಬಾಸಿಡರ್: ಸೆಲ್ಫ್ ಹೊಡೆಯುವ ಮೊದಲು

ನೀವು ಕೇಳಿದ್ದು ಇಷ್ಟು: ಕೊಪ್ಪದ ಹತ್ತಿರ ಅಜ್ಜನ ಮನೆಯ ಶೆಡ್ಡಿನಲ್ಲಿ 1974ರ ಅಂಬಾಸಿಡರ್ ಹನ್ನೊಂದು ವರ್ಷದಿಂದ ನಿಂತಿದೆ, ಹೊಸ ಬ್ಯಾಟರಿ ತಂದಿಟ್ಟಿದ್ದೀರಿ, ಹಾಕಿ ಸ್ಟಾರ್ಟ್ ಮಾಡಿ ನೋಡಬಹುದೇ, ಎಂಜಿನ್ ಮತ್ತು ಪೆಟ್ರೋಲ್ ಲೈನನ್ನು ಮನೆಯಲ್ಲೇ ಸರಿ ಮಾಡಿಕೊಳ್ಳಲು ಆಗುತ್ತದೆಯೇ.

ಮನೆಯಲ್ಲೇ ಆಗುತ್ತದೆ. ಆದರೆ ಆ ಬ್ಯಾಟರಿ ಸದ್ಯಕ್ಕೆ ಮನೆಯೊಳಗೇ ಇರಲಿ. ಈ ಉತ್ತರದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ನಮ್ಮದು ಮೂಡಿಗೆರೆ ತಾಲ್ಲೂಕು, ಬಣಕಲ್ ಕಡೆ. ಅಪ್ಪನ 1971ರ ಅಂಬಾಸಿಡರ್ ಮಾರ್ಕ್ 2 ಒಂಬತ್ತು ವರ್ಷ ನಿಂತಿತ್ತು. ಅಪ್ಪ ಹೋದ ಮೇಲೆ ಅದನ್ನು ಮತ್ತೆ ಓಡಿಸಬೇಕು ಅಂತ ಮನಸ್ಸಿಗೆ ಬಂದದ್ದೇ ತಡ, ಬ್ಯಾಟರಿ ಹಾಕಿ ಸೆಲ್ಫ್ ಹೊಡೆದೆ. ಎಂಜಿನ್ ಎರಡು ಸುತ್ತು ತಿರುಗಿತು, ಒಳಗೆ ‘ಕಟ್’ ಅಂತ ಸದ್ದಾಯಿತು. ಮುಂದಿನಿಂದ ಐದನೇ ವಾಲ್ವು, ಅಂದರೆ ಮೂರನೇ ಸಿಲಿಂಡರಿನ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವು, ತಾನು ಜಾರಾಡುವ ಕೊಳವೆಯಾದ ಗೈಡಿನೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ವಾಲ್ವು ತೆರೆಸುವ ಕ್ಯಾಮ್ ಕೆಳಗಿನಿಂದ ತಳ್ಳಿದೆ, ಮೇಲೆ ವಾಲ್ವು ಅಲುಗಿಲ್ಲ, ನಡುವಿನ ಕಡ್ಡಿ, ಅಂದರೆ ಪುಶ್ ರಾಡ್, ಬಾಗಿದೆ. ಹೆಡ್ ಇಳಿಸಿ ಚಿಕ್ಕಮಗಳೂರಿಗೆ ಒಯ್ದು ಗೈಡ್ ಮಾಡಿಸಿಕೊಂಡು ಬರಬೇಕಾಯಿತು. ನೂರು ಮಿಲಿ ಎಣ್ಣೆ, ನಾಲ್ಕು ದಿನದ ತಾಳ್ಮೆ ಇದ್ದಿದ್ದರೆ ಉಳಿಯುತ್ತಿದ್ದ ಕೆಲಸ ಅದು. ಆಗ ನೋಡಲು ಬಂದಿದ್ದ ಬಣಕಲ್ಲಿನ ಹಳೇ ಮೆಕ್ಯಾನಿಕ್ ಕಾಕಾ ಹೇಳಿದ್ದು ಇನ್ನೂ ಕಿವಿಯಲ್ಲಿದೆ: ‘ನಿಂತ ಗಾಡಿಗೆ ಮೊದ್ಲು ಎಣ್ಣೆ ಕುಡಿಸಬೇಕು ಮಾರಾಯ, ಕರೆಂಟ್ ಆಮೇಲೆ.’

ಹಾಗಾಗಿ ಮೊದಲು ನಾಲ್ಕೂ ಪ್ಲಗ್ ಬಿಚ್ಚಿ. ಒಂದೊಂದು ತೂತಿಗೂ ಡೀಸೆಲ್ ಮತ್ತು ಎಂಜಿನ್ ಆಯಿಲ್ ಅರ್ಧರ್ಧ ಬೆರೆಸಿ ಎರಡು ಮೂರು ಚಮಚ ಬಿಟ್ಟು, ಬಟ್ಟೆ ಮುಚ್ಚಿ ನಾಲ್ಕು ದಿನ ಬಿಡಿ. ಎಂಜಿನ್ನಿನ ಮೇಲಿನ ಮುಚ್ಚಳ (ರಾಕರ್ ಕವರ್) ತೆಗೆದು ವಾಲ್ವ್ ಸ್ಪ್ರಿಂಗುಗಳ ಮೇಲೂ ಅದೇ ಎಣ್ಣೆ ಸುರಿಯಿರಿ. ಐದನೇ ದಿನ ಮುಂದೆ ಹ್ಯಾಂಡಲ್ ಹಾಕಿ ಕೈಯಿಂದಲೇ ನಿಧಾನ ತಿರುಗಿಸಿ. ಬಿಗಿ ಎನಿಸಿದರೆ ಅಲ್ಲೇ ನಿಲ್ಲಿಸಿ, ಮತ್ತೆ ಎಣ್ಣೆ ಬಿಡಿ. ಉದ್ದ ಪೈಪು ಸಿಕ್ಕಿಸಿ ಜೋರು ಮಾಡಬೇಡಿ. ಟಾಪ್ ಗೇರಿನಲ್ಲಿಟ್ಟು ಗಾಡಿಯನ್ನು ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ತೂಗಿದರೂ ಕಚ್ಚಿದ ಪಿಸ್ಟನ್ ಬಿಡುವುದುಂಟು. ತಿರುಗಲು ಶುರುವಾದ ಮೇಲೆ ಒಬ್ಬರು ಹ್ಯಾಂಡಲ್ ಹಿಡಿಯಲಿ, ನೀವು ಎಂಟೂ ವಾಲ್ವುಗಳನ್ನು ಒಂದೊಂದಾಗಿ ನೋಡಿ. ಎಲ್ಲವೂ ಒಂದೇ ರೀತಿ ಇಳಿದು ಏರಬೇಕು. ಇಳಿದದ್ದು ಏರಲು ತಡ ಮಾಡಿದರೆ ಅದೇ ಕಚ್ಚುತ್ತಿರುವುದು.

ಅದೇ ಹೊತ್ತಿಗೆ ವಾಲ್ವ್ ಗ್ಯಾಪ್, ಅಂದರೆ ವಾಲ್ವಿನ ತುದಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದಿ ಕೂಡ ನೋಡಿಬಿಡಿ. ಈ 1489 ಸಿಸಿ ಎಂಜಿನ್ನಿಗೆ ಹದಿನೈದು ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ), ಅಂದರೆ 0.38 ಮಿಲಿಮೀಟರ್. ಲೆಕ್ಕ ಸುಲಭ: ಮುಂದಿನಿಂದ ಎಣಿಸಿದರೆ, ಪೂರ್ತಿ ಒತ್ತಿಕೊಂಡಿರುವ ವಾಲ್ವಿನ ನಂಬರೂ ನೀವು ಗ್ಯಾಪ್ ಹಿಡಿಯುವ ವಾಲ್ವಿನ ನಂಬರೂ ಸೇರಿ ಒಂಬತ್ತಾಗಬೇಕು. ಎಂಟನೆಯದು ಒತ್ತಿದ್ದಾಗ ಒಂದನೆಯದು, ಆರನೆಯದು ಒತ್ತಿದ್ದಾಗ ಮೂರನೆಯದು, ಹೀಗೆ. ಇದು ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಎಂಜಿನ್. ಇದೇ 1489 ಸಿಸಿ ಎಂಜಿನ್ ಅಲ್ಲಿನ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಮರ್ಯಾದೆ ಕೊಟ್ಟು ಮುಟ್ಟಬೇಕಾದ ಎಂಜಿನ್ ಅದು.

ಸಂಪಿನ (ಎಂಜಿನ್ ತಳದ ತೊಟ್ಟಿಯ) ಆಯಿಲ್ ಇಳಿಸುವಾಗ ನಟ್ಟನ್ನು ನಿಧಾನ ಸಡಿಲಿಸಿ. ನಮ್ಮ ಕಡೆಯ ಮಳೆಗೆ ಒಳಗೆ ನೀರು ಕೂತಿರುತ್ತದೆ. ಆಯಿಲಿಗಿಂತ ನೀರು ಭಾರ, ಹಾಗಾಗಿ ಮೊದಲು ಅದೇ ಬರುತ್ತದೆ. ನನಗೆ ಒಂದು ಲೋಟದಷ್ಟು ಬಂತು. ಹೊಸದಾಗಿ 20ಡಬ್ಲ್ಯು-50 ಆಯಿಲ್ ಸುಮಾರು ನಾಲ್ಕು ಲೀಟರ್ ಬೇಕು, ಫಿಲ್ಟರ್ ಕೂಡ ಹೊಸದು ಹಾಕಿ.

ಇನ್ನು ಪೆಟ್ರೋಲ್ ಕಡೆಗೆ ಬರೋಣ. ನಿಂತ ಗಾಡಿಯ ಕಾಯಿಲೆ ಮುಕ್ಕಾಲು ಪಾಲು ಇರುವುದು ಟ್ಯಾಂಕಿನಲ್ಲಿ. ಎಲ್ಲರೂ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುತ್ತಾರೆ, ಗಾಡಿ ಹತ್ತು ಕಿಲೋಮೀಟರ್ ಓಡುತ್ತದೆ, ಟ್ಯಾಂಕಿನ ತುಕ್ಕು ಬಂದು ಮತ್ತೆ ಕಟ್ಟಿಕೊಳ್ಳುತ್ತದೆ. ಹಿಂದಿನಿಂದ ಮುಂದಕ್ಕೆ ಬನ್ನಿ: ಟ್ಯಾಂಕು, ಪೈಪು, ಪಂಪು, ಕೊನೆಗೆ ಕಾರ್ಬ್ಯುರೇಟರು.

ನಾನು ಟ್ಯಾಂಕಿನ ಮುಚ್ಚಳ ತೆಗೆದಾಗ ಬಂದದ್ದು ಪೆಟ್ರೋಲಿನ ವಾಸನೆಯಲ್ಲ, ಹಳೇ ವಾರ್ನಿಶ್ ಡಬ್ಬಿಯ ವಾಸನೆ. ಇಳಿಸಿ ಬಗ್ಗಿಸಿದರೆ ಹೊರಬಂದದ್ದು ಡಿಕಾಕ್ಷನ್ ಬಣ್ಣದ ನೀರು, ಅದರ ಹಿಂದೆ ಕಾಫಿ ಚರಟದ ಹಾಗೆ ಕಪ್ಪು ಕೆಂಪು ಪುಡಿ. ಗಾಳಿಯಾಡುವ ಸಣ್ಣ ಕೊಳವೆಯೊಳಗೆ ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಈ ಕೊಳವೆಯನ್ನು ಮರೆಯಬೇಡಿ. ಅದು ಕಟ್ಟಿದ್ದರೆ ಪಂಪು ಎಳೆದಂತೆಲ್ಲ ಟ್ಯಾಂಕಿನೊಳಗೆ ಗಾಳಿ ಖಾಲಿಯಾಗುತ್ತಾ ಹೋಗಿ, ಗಾಡಿ ಅರ್ಧ ಗಂಟೆ ಓಡಿ ನಿಲ್ಲುತ್ತದೆ. ಮುಚ್ಚಳ ತೆಗೆದರೆ ‘ಉಸ್’ ಅನ್ನುತ್ತದೆ, ಮತ್ತೆ ಓಡುತ್ತದೆ. ಕಾರಣ ಗೊತ್ತಿಲ್ಲದವರು ಪಂಪು, ಕಾಯಿಲ್ ಎಲ್ಲ ಬದಲಿಸಿ ದುಡ್ಡು ಕಳೆದುಕೊಳ್ಳುತ್ತಾರೆ.

ಟ್ಯಾಂಕಿನ ಕೆಲಸ ಬಯಲಿನಲ್ಲಿ ಮಾಡಿ. ಬಚ್ಚಲ ಒಲೆ, ಬೀಡಿ, ವೈರ್ ಕಿತ್ತುಬಂದ ಬಲ್ಬು ಯಾವುದೂ ಹತ್ತಿರ ಬೇಡ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ, ಏಕೆಂದರೆ ಉರಿಯುವುದು ಒಳಗಿನ ಆವಿ. ತೂತಾಗಿದೆ ಅಂತ ಯಾರಾದರೂ ಹಾಗೇ ವೆಲ್ಡಿಂಗ್ ಮಾಡಲು ಹೊರಟರೆ ದಯವಿಟ್ಟು ತಡೆಯಿರಿ.

ಮೊದಲು ಸೋಪಿನ ನೀರಿನಲ್ಲಿ ನಾಲ್ಕೈದು ಸಲ ತೊಳೆದೆ. ಆಮೇಲೆ ಎರಡು ಹಿಡಿ ಹಳೇ ನಟ್ಟುಗಳನ್ನು ಎಣಿಸಿ ಒಳಗೆ ಹಾಕಿ, ನಾನೂ ತಮ್ಮನೂ ಆಚೆ ಈಚೆ ಹಿಡಿದು ಕುಲುಕಿದೆವು. ಎಣಿಸಿ ಹಾಕಿದರೆ ಎಣಿಸಿ ತೆಗೆಯಬಹುದು. ನಂತರ ನಿಂಬೆ ಉಪ್ಪು, ಹತ್ತು ಲೀಟರ್ ಬಿಸಿನೀರಿಗೆ ಅರ್ಧ ಕಿಲೋ ಲೆಕ್ಕದಲ್ಲಿ ಕರಗಿಸಿ ಟ್ಯಾಂಕ್ ತುಂಬಿಸಿ ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ಚೆಲ್ಲಿದಾಗ ಒಳಗೆ ಬೂದು ಬಣ್ಣದ ತಗಡು ಕಾಣುತ್ತಿತ್ತು. ಅಡುಗೆ ಸೋಡಾ ನೀರಿನಿಂದ ಒಮ್ಮೆ ತೊಳೆದರೆ ಹುಳಿ ಅಂಶ ಹೋಗುತ್ತದೆ. ಆಮೇಲೆ ತಡ ಮಾಡಬಾರದು. ಒದ್ದೆ ತಗಡು ಕಣ್ಣೆದುರೇ ಮತ್ತೆ ಕೆಂಪಾಗುತ್ತದೆ. ಒಣಗಿದ ಕೂಡಲೇ ಒಂದು ಲೀಟರ್ ಪೆಟ್ರೋಲಿಗೆ ಸ್ವಲ್ಪ ಆಯಿಲ್ ಬೆರೆಸಿ ಒಳಗೆಲ್ಲ ಆಡಿಸಿ. ನಾನು ಮಾರ್ಚ್ ಬಿಸಿಲಿಗೆ ಕಣದ ಮೇಲೆ ಒಣಗಲಿಟ್ಟಿದ್ದೆ. ಅಮ್ಮ ಓಡಿ ಬಂದು, ‘ಕಾಫಿ ಒಣಗ್ತಾ ಇರೋ ಕಡೆ ಪೆಟ್ರೋಲ್ ಡಬ್ಬ ತಂದಿಡ್ತೀಯಲ್ಲೋ, ಬೀಜಕ್ಕೆ ವಾಸನೆ ಹಿಡಿಯತ್ತೆ’ ಅಂತ ಬೈದರು. ಅವರ ಮಾತು ನಿಜ, ಕಾಫಿ ಬೀಜ ಅಕ್ಕಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ನಿಮ್ಮಲ್ಲೂ ತೋಟ ಇದ್ದರೆ ಟ್ಯಾಂಕನ್ನು ಬೇರೆ ಕಡೆ ಒಣಗಿಸಿ.

ಒಳಗೆ ಬಳಿಯುವ ಕೋಟಿಂಗ್ ಸಿಗುತ್ತದೆ. ಟ್ಯಾಂಕು ಗಟ್ಟಿ ಇದ್ದರೆ ನಾನು ಹಾಕಿಸುವುದಿಲ್ಲ. ಸರಿಯಾಗಿ ಹಿಡಿಯದೆ ಸಿಪ್ಪೆ ಸಿಪ್ಪೆಯಾಗಿ ಕಿತ್ತು ಬಂದರೆ ತುಕ್ಕಿಗಿಂತ ಕಷ್ಟ.

ಲೋಹದ ಪೈಪನ್ನು ಎರಡೂ ತುದಿ ಬಿಚ್ಚಿ ಪಂಕ್ಚರ್ ಅಂಗಡಿಯ ಗಾಳಿಯಿಂದ ಊದಿಸಿ. ರಬ್ಬರ್ ಹೋಸುಗಳು ನೋಡಲು ಚೆನ್ನಾಗಿದ್ದರೂ ಎಲ್ಲವನ್ನೂ ಕಿತ್ತೆಸೆಯಿರಿ. ನಿಮ್ಮ ಕಾರು ನಿಂತಾಗ ಬಂಕಿನಲ್ಲಿ ಸಿಗುತ್ತಿದ್ದ ಪೆಟ್ರೋಲೇ ಬೇರೆ. 2023ರಿಂದ ಶೇಕಡಾ 20 ಎಥನಾಲ್ ಬೆರೆತ ಇ20 ಬರಲು ಶುರುವಾಗಿ ಈಗ ಎಲ್ಲ ಕಡೆ ಅದೇ. ಎಥನಾಲ್ ಹಳೇ ರಬ್ಬರನ್ನು ಊದಿಸಿ ಮೆತ್ತಗೆ ಮಾಡುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ನೀರು ಹೆಚ್ಚಾದಾಗ ಎಥನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವ ನಮ್ಮ ಮಲೆನಾಡಿನಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಎಥನಾಲ್ ತಡೆಯುವ ಹೋಸ್ ಎಂದೇ ಕೇಳಿ ತನ್ನಿ, ಮೈಮೇಲೆ ಆರ್9 ಎಂದು ಅಚ್ಚಾಗಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದಾಗ ಪಂಪಿನ ಕಿಟ್, ಕಾರ್ಬ್ಯುರೇಟರ್ ಕಿಟ್, ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟು, ಕಂಡೆನ್ಸರ್ ಎಲ್ಲ ಒಟ್ಟಿಗೇ ತಂದುಬಿಡಿ.

ನನ್ನದರಲ್ಲಿ ಇದ್ದದ್ದು ಎಂಜಿನ್ ಪಕ್ಕದಲ್ಲಿ ಕೂರುವ ಮೆಕ್ಯಾನಿಕಲ್ ಪಂಪು. ಪೆಟ್ರೋಲ್ ಎಳೆಯುವ ಅದರ ಒಳಪೊರೆ, ಅಂದರೆ ಡಯಾಫ್ರಾಮ್, ಬದಲಿಸಲೇಬೇಕು. ಹರಿದಿದ್ದರೆ ಪೆಟ್ರೋಲ್ ಸೋರಿ ಸಂಪಿಗೆ ಇಳಿಯುತ್ತದೆ, ಆಯಿಲ್ ನೀರಾಗಿ ಬೇರಿಂಗ್ ಹೋಗುತ್ತದೆ. ಡಿಪ್ ಸ್ಟಿಕ್ ತೆಗೆದು ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆಯೇ ಹೇಳುತ್ತದೆ.

ಎಸ್‌ಯು ಕಾರ್ಬ್ಯುರೇಟರ್ ಬಗ್ಗೆ ನನಗೆ ವಿಶೇಷ ಪ್ರೀತಿ. ಸ್ಕಿನ್ನರ್ಸ್ ಯೂನಿಯನ್ ಅನ್ನುವುದರ ಮೊದಲ ಅಕ್ಷರಗಳು ಅವು. ಮೇಲಿನ ಗಂಟೆಯಾಕಾರದ ಮುಚ್ಚಳಕ್ಕೂ ಕೆಳಗಿನ ಬಾಡಿಗೂ ಸೇರಿಸಿ ಪೆನ್ಸಿಲ್ ಗೆರೆ ಎಳೆದುಕೊಂಡು ಸ್ಕ್ರೂ ತೆಗೆಯಿರಿ. ಒಳಗಿನ ಪಿಸ್ಟನ್ನನ್ನು ನೆಟ್ಟಗೆ ಮೇಲಕ್ಕೆ ಎತ್ತಿ, ಅದಕ್ಕೆ ನೇತಾಡುವ ಸಣ್ಣ ನೀಡಲ್ ಬಾಗಿದರೆ ಕೆಲಸ ಕೆಟ್ಟಿತು. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು, ಎಮ್ರಿ ಪೇಪರ್ ಮಾತ್ರ ತಾಗಿಸಬೇಡಿ. ಪಿಸ್ಟನ್ನಿಗೂ ಗೋಡೆಗೂ ನಡುವೆ ಇರುವ ಕೂದಲಷ್ಟು ಸಂದಿಯಲ್ಲೇ ಇಡೀ ಕಾರ್ಬ್ಯುರೇಟರಿನ ಜೀವ ಇರುವುದು. ಜೋಡಿಸಿದ ಮೇಲೆ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಡಿ. ‘ಟಕ್’ ಅಂತ ಕೂರಬೇಕು. ಸದ್ದಿಲ್ಲದೆ ಇಳಿದರೆ ಜೆಟ್ (ನೀಡಲ್ ಇಳಿಯುವ ಪೆಟ್ರೋಲ್ ತೂತು) ನಡುಮಧ್ಯ ಕೂತಿಲ್ಲ, ನೀಡಲ್ ಉಜ್ಜುತ್ತಿದೆ. ಪಿಸ್ಟನ್ ಒಮ್ಮೆಲೇ ಜಿಗಿಯದಂತೆ ತಡೆಯುವ ಮೇಲಿನ ಡ್ಯಾಂಪರಿಗೆ ತೆಳು ಆಯಿಲ್ ಹಾಕಿ. ಅದು ಒಣಗಿದ್ದರೆ ಆಕ್ಸಿಲರೇಟರ್ ತುಳಿದ ಕೂಡಲೇ ಗಾಡಿ ಮುಗ್ಗರಿಸುತ್ತದೆ. ಜೆಟ್ಟಿನ ನಟ್ಟನ್ನು ಪೂರ್ತಿ ಮೇಲೇರಿಸಿ, ಅಲ್ಲಿಂದ ಎರಡು ಸುತ್ತು ಇಳಿಸಿದರೆ ಸ್ಟಾರ್ಟ್ ಆಗುವಷ್ಟು ಹದ ಸಿಗುತ್ತದೆ. ಬಿಸಿಯಾದ ಮೇಲೆ ಪಿಸ್ಟನ್ನನ್ನು ಒಂದು ಮಿಲಿಮೀಟರಿನಷ್ಟು ಎತ್ತಿ ನೋಡಿ: ವೇಗ ಏರಿ ಹಾಗೇ ಉಳಿದರೆ ಪೆಟ್ರೋಲ್ ಹೆಚ್ಚು, ನಿಲ್ಲಲು ಹೋದರೆ ಕಡಿಮೆ, ಒಂದು ಕ್ಷಣ ಏರಿ ಮೊದಲಿನ ಹಾಗಾದರೆ ಸರಿ.

ಪಾಯಿಂಟ್ ಗ್ಯಾಪ್ ಹದಿನೈದು ಥೌ, ಪ್ಲಗ್ ಇಪ್ಪತ್ತೈದು ಥೌ, ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ (ಫೈರಿಂಗ್ ಆರ್ಡರ್) 1-3-4-2. ರೇಡಿಯೇಟರ್ ಮತ್ತು ಬ್ಲಾಕಿನ ಕೆಂಪು ನೀರು ತಿಳಿಯಾಗುವವರೆಗೆ ಹರಿಸಿ.

ಇಷ್ಟಾದ ಮೇಲೆ ಬ್ಯಾಟರಿ ತನ್ನಿ. ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆದು ಆಯಿಲ್ ಪ್ರೆಶರ್ ಬಂದದ್ದು ಖಾತ್ರಿಯಾದ ಮೇಲೆ ಪ್ಲಗ್ ಹಾಕಿ. ಮೊದಲ ಸಲಕ್ಕೆ ಕಾರಿನ ಟ್ಯಾಂಕನ್ನು ನಂಬದೆ, ಹಳೇ ಮೊಪೆಡ್ಡಿನ ಟ್ಯಾಂಕೊಂದನ್ನು ಎಂಜಿನ್ನಿನಿಂದ ದೂರಕ್ಕೆ, ಸ್ವಲ್ಪ ಎತ್ತರಕ್ಕೆ ಕಟ್ಟಿ ಕಾರ್ಬ್ಯುರೇಟರಿಗೆ ನೇರ ಪೈಪು ಕೊಟ್ಟಿದ್ದೆ. ಕಾಕ್ ತಿರುಗಿಸಿದರೆ ಪೆಟ್ರೋಲ್ ಬಂದ್. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ನಮ್ಮದು ನಾಲ್ಕನೇ ಸಲಕ್ಕೆ ಹಿಡಿಯಿತು. ಶೆಡ್ ತುಂಬ ಬಿಳಿ ಹೊಗೆ, ಒಳಗೆ ಬಿಟ್ಟಿದ್ದ ಎಣ್ಣೆ ಉರಿಯುವುದು. ಹತ್ತು ನಿಮಿಷದಲ್ಲಿ ತಿಳಿಯಾಯಿತು. ಅಮ್ಮ ಬಾಗಿಲಲ್ಲಿ ನಿಂತು ಏನೂ ಮಾತಾಡದೆ ಕೇಳಿಸಿಕೊಳ್ಳುತ್ತಿದ್ದರು. ಆ ಸದ್ದು ಮನೆಗೆ ಬರುವಾಗಲೆಲ್ಲ ಗೇಟು ತೆಗೆಯಲು ಹೋಗುತ್ತಿದ್ದವರು ಅವರು.

ಓಡಿತು ಅಂತ ಅದೇ ದಿನ ರಸ್ತೆಗಿಳಿಸಬೇಡಿ. ಬ್ರೇಕ್ ಸಿಲಿಂಡರುಗಳ ರಬ್ಬರ್, ಬ್ರೇಕ್ ಆಯಿಲ್, ಟೈರ್ ಎಲ್ಲ ಬದಲಾಗಬೇಕು. ಆರ್‌ಸಿ ಊರ್ಜಿತ ಇದೆಯೇ ಅಂತ ಆರ್‌ಟಿಒದಲ್ಲಿ ಈಗಲೇ ವಿಚಾರಿಸಿ, ಅದಕ್ಕೆ ಸಮಯ ಹಿಡಿಯುತ್ತದೆ. ಸೀಸ ಬೆರೆತ ಪೆಟ್ರೋಲ್ ದೇಶದಲ್ಲಿ 2000ದಲ್ಲೇ ನಿಂತಿತು. ಈ ಎಂಜಿನ್ನಿನ ವಾಲ್ವ್ ಸೀಟುಗಳು (ವಾಲ್ವು ಬಂದು ಕೂರುವ ಜಾಗ) ಅದೇ ಪೆಟ್ರೋಲಿನ ಕಾಲದವು, ಅವು ಸವೆಯದಂತೆ ಕಾಯುತ್ತಿದ್ದುದು ಆ ಸೀಸ. ಮೆಲ್ಲಗೆ ಓಡಿಸುವವರಿಗೆ ದೊಡ್ಡ ತೊಂದರೆಯಿಲ್ಲ. ಎರಡು ಸಾವಿರ ಕಿಲೋಮೀಟರಿಗೊಮ್ಮೆ ವಾಲ್ವ್ ಗ್ಯಾಪ್ ನೋಡಿ. ಅದು ಕಡಿಮೆಯಾಗುತ್ತಾ ಬಂದರೆ ಸೀಟು ಸವೆಯುತ್ತಿದೆ ಅಂತ ಅರ್ಥ.

ನಾನು ಎಲ್ಲ ಮುಗಿಸಿದ ಮೇಲೆ ಚಾರ್ಮಾಡಿ ಇಳಿದು ಮತ್ತೆ ಕೊಟ್ಟಿಗೆಹಾರಕ್ಕೆ ಹತ್ತಿಸಿದೆ. ಪೆಟ್ರೋಲ್ ಲೈನಿನಲ್ಲಿ ಎಲ್ಲಿ ಕೊರತೆ ಇದ್ದರೂ ಆ ತಿರುವುಗಳ ಏರಿನಲ್ಲಿ ತೋರಿಸಿಕೊಡುತ್ತದೆ. ಎರಡನೇ ಗೇರಿನಲ್ಲಿ ಒಮ್ಮೆಯೂ ಕೆಮ್ಮದೆ ಹತ್ತಿತು.

ನಿಮ್ಮ ಕಾರಿನ ಟ್ಯಾಂಕ್ ಇಳಿಸಿದ ಮೇಲೆ ಒಳಗಿನ ಒಂದು ಫೋಟೊ, ಪ್ಲಗ್ ನಾಲ್ಕನ್ನೂ ಸಾಲಾಗಿಟ್ಟ ಒಂದು ಫೋಟೊ ಹಾಕಿ. ಯಾವ ಪ್ಲಗ್ ಯಾವ ಸಿಲಿಂಡರಿನದು ಅಂತ ಬರೆದಿರಲಿ. ನೋಡಿ ಮುಂದಿನದು ಹೇಳುತ್ತೇನೆ.