ಒಂದೇ ಸ್ನ್ಯಾಪ್‌ಶಾಟ್‌ನಿಂದ ಹಲವು ವಿಎಂ: ಎಚ್ಚರಿಕೆ ಎಲ್ಲಿ?

ಪುಣೆಯ ನಿಮ್ಮ ಟೆಸ್ಟ್ ಸರ್ವರ್‌ನಲ್ಲಿ ಬೂಟ್ ಸಮಯ ಉಳಿಸಲು ಒಂದೇ ಮೆಮೊರಿ ಸ್ನ್ಯಾಪ್‌ಶಾಟ್‌ನಿಂದ (ನಡೆಯುತ್ತಿದ್ದ ಯಂತ್ರದ ಮೆಮೊರಿಯ ಉಳಿಸಿಟ್ಟ ಪ್ರತಿ) ಹಲವು ವಿಎಂ (ವರ್ಚುವಲ್ ಮೆಷಿನ್, ಅಂದರೆ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ರೂಪದಲ್ಲಿ ನಡೆಯುವ ಕಂಪ್ಯೂಟರ್) ಎಬ್ಬಿಸಬಹುದೇ ಎಂದು ಕೇಳಿದ್ದೀರಿ. ಎಬ್ಬಿಸಬಹುದು ಸರ್, ಆದರೆ ಹಾಗೇ ಬಿಟ್ಟರೆ ಅಪಾಯ. ಮೆಮೊರಿಯ ಜೊತೆ ರ್‍ಯಾಂಡಮ್ ಸೀಡ್ (ಊಹಿಸಲಾಗದ ಸಂಖ್ಯೆಗಳನ್ನು ಹುಟ್ಟಿಸುವ ಮೂಲ ಮೌಲ್ಯ) ಕೂಡ ನಕಲಾಗುತ್ತದೆ; ಎರಡು ವಿಎಂಗಳು ಒಂದೇ ಗೂಢಲಿಪಿ ಕೀ, ಒಂದೇ ಯುಯುಐಡಿ (ಒಂದೊಂದಕ್ಕೂ ಬೇರೆಯಾಗಿರಬೇಕಾದ ಗುರುತು ಸಂಖ್ಯೆ) ಹುಟ್ಟಿಸಬಹುದು.

ಲಿನಕ್ಸ್ 5.18ರಿಂದ, ವಿಎಂ ನಕಲಿನಿಂದ ಎದ್ದಿದೆ ಎಂದು ತಿಳಿಸುವ ವಿಎಂಜೆನ್‌ಐಡಿ ಡ್ರೈವರ್ ಇದೆ. ಹೈಪರ್‌ವೈಸರ್ (ವಿಎಂಗಳನ್ನು ನಡೆಸುವ ಸಾಫ್ಟ್‌ವೇರ್) ಹೊಸ ಐಡಿ ಕೊಟ್ಟರೆ ಕರ್ನಲ್ (ಲಿನಕ್ಸ್‌ನ ತಿರುಳು) ಹೊಸ ಸೀಡ್ ತುಂಬಿಕೊಳ್ಳುತ್ತದೆ. ಆದರೆ ಪೈಥಾನ್, ಜಾವಾ ಪ್ರೋಗ್ರಾಂಗಳು ತಮ್ಮೊಳಗೆ ಇಟ್ಟುಕೊಂಡ ಸೀಡ್ ಕರ್ನಲ್‌ನ ಕೈಗೆ ಸಿಗುವುದಿಲ್ಲ. ನಿಜವಾದ ತೊಂದರೆ ಇರುವುದೇ ಅಲ್ಲಿ. ಅಪ್ಲಿಕೇಶನ್ ಶುರುವಾಗುವ ಮೊದಲೇ ಸ್ನ್ಯಾಪ್‌ಶಾಟ್ ತೆಗೆಯಿರಿ. ಸ್ವಲ್ಪ ವೇಗ ಹೋದರೆ ಹೋಗಲಿ.

ಎದ್ದ ಮೇಲೆ ಎಸ್‌ಎಸ್‌ಎಚ್ ಹೋಸ್ಟ್ ಕೀ (ದೂರದಿಂದ ಲಾಗಿನ್ ಆಗುವಾಗ ಸರ್ವರ್‌ನ ಗುರುತು) ಹೊಸದಾಗಿ ಮಾಡಿ. ಗಡಿಯಾರವೂ ಹಿಂದೆ ಉಳಿದಿರಬಹುದು, ಆಗ ಹೊಸ ಸರ್ಟಿಫಿಕೇಟ್‌ಗಳು ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ತಿರಸ್ಕೃತವಾಗುತ್ತವೆ. ಗಡಿಯಾರ ಹೊಂದಿಸುವ ಕ್ರೋನಿ ಪ್ರೋಗ್ರಾಂನ ಕಾನ್ಫಿಗ್‌ನಲ್ಲಿ ‘ಮೇಕ್‌ಸ್ಟೆಪ್ 1 -1’ ಹಾಕಿದರೆ 1 ಸೆಕೆಂಡಿಗಿಂತ ಹೆಚ್ಚಿನ ವ್ಯತ್ಯಾಸವನ್ನು ಅದು ಒಮ್ಮೆಗೇ ಸರಿಪಡಿಸುತ್ತದೆ.