ಓಎಲ್ಇಡಿ ಪರದೆ ಬಂತು, ಅದೇ ವಸ್ತುವಿನ ಲೇಸರ್ ಯಾಕೆ ಬರಲಿಲ್ಲ?

ಫೋನಿನ ಓಎಲ್ಇಡಿ (ಕರೆಂಟ್ ಕೊಟ್ಟರೆ ತಾನೇ ಬೆಳಗುವ ತೆಳು ಪದರ) ಪರದೆಯಲ್ಲಿರುವ ಸಾವಯವ ಅರೆವಾಹಕದಿಂದಲೇ ಲೇಸರ್ ಮಾಡಬಹುದಲ್ವಾ, ಮತ್ತೆ ಅಂಥದ್ದು ಎಲ್ಲೂ ಯಾಕೆ ಕಾಣುವುದಿಲ್ಲ ಅಂತ ಕೇಳಿದ್ದೀರಿ. ನಾನು ಕೆಲವು ವರ್ಷ ಇಂಥ ಪದರಗಳ ಜೊತೆ ಲ್ಯಾಬಿನಲ್ಲಿ ಒದ್ದಾಡಿದವನು. ಲೇಸರ್ ಖಂಡಿತ ಮಾಡಬಹುದು. ಬೇರೆ ಬೆಳಕು ಬಿಟ್ಟು ಮಾಡುವುದು ಸುಲಭ, ಕರೆಂಟ್ ಕೊಟ್ಟು ಮಾಡುವುದೇ ಕಷ್ಟ.

ಇಲ್ಲಿ 'ಸಾವಯವ' ಅಂದರೆ ಗೊಬ್ಬರ, ಬೇಸಾಯದ ಮಾತಲ್ಲ. ಸುಮ್ನೆ ಇಂಗಾಲದ ಅಣುಗಳು. ಅವುಗಳಲ್ಲಿ ಒಂಟಿ ಬಂಧ, ಜೋಡಿ ಬಂಧ ಒಂದಾದ ಮೇಲೊಂದು ಬರುತ್ತವೆ. ಅದರಿಂದ ಕೆಲವು ಎಲೆಕ್ಟ್ರಾನುಗಳು ಅಣುವಿನ ಉದ್ದಕ್ಕೂ ಹರಡಿಕೊಂಡಿರುತ್ತವೆ.

ಬೆಳಕಿನ ವಿಚಾರದಲ್ಲಿ ಈ ವಸ್ತುಗಳು ಬಲು ಜೋರು. ದ್ರಾವಣದ ಹನಿ ಹಾಕಿ ಗಾಜನ್ನು ಗಿರಗಿರ ತಿರುಗಿಸಿದರೆ ನೂರು ನ್ಯಾನೋಮೀಟರ್‌ನಷ್ಟು ತೆಳು ಪದರ ಸಿದ್ಧ. ಅದಕ್ಕೆ ಇನ್ನೊಂದು ಲೇಸರಿನ ಮಿಡಿತ ಬಿಟ್ಟರೆ ಮೊದಲು ಸ್ಪೆಕ್ಟ್ರೋಮೀಟರಿನಲ್ಲಿ (ಬೆಳಕಿನ ಬಣ್ಣಗಳನ್ನು ಬಿಡಿಸಿ ಅಳೆಯುವ ಉಪಕರಣ) ಅಗಲವಾದ ಗುಡ್ಡ ಕಾಣುತ್ತದೆ. ಮಿಡಿತದ ಜೋರು ಸ್ವಲ್ಪ ಜಾಸ್ತಿ ಮಾಡಿ ನೋಡಿ, ಗುಡ್ಡ ಕುಸಿದು ಸೂಜಿಯಂಥ ಒಂದೇ ಮೊನೆ ಏಳುತ್ತದೆ. ಮೊದಲ ಸಲ ಕಂಡಾಗ ನಾನು ಉಪಕರಣ ಕೆಟ್ಟಿದೆ ಅಂದುಕೊಂಡಿದ್ದೆ! ಬೆಳಕನ್ನು ಹಿಂದೆ ಮುಂದೆ ಓಡಿಸುವ ಕನ್ನಡಿಗಳಿಲ್ಲದ್ದರಿಂದ ಅದಿನ್ನೂ ಪೂರ್ತಿ ಲೇಸರ್ ಅಲ್ಲ, ಆದರೆ ಬೆಳಕು ತಾನೇ ಬಲಿಯುತ್ತಿದೆ ಅನ್ನುವುದಕ್ಕೆ ಗುರುತು. ಪಾಲಿಮರ್ ಪದರಗಳಿಗೆ ಬೆಳಕು ಬಿಟ್ಟು ಲೇಸರ್ ಪಡೆದ ವರದಿಗಳು 1996ರಲ್ಲೇ ಬಂದಿವೆ.

ಕರೆಂಟ್ ಹಾಯಿಸಿದಾಗಲೇ ತಕರಾರು. ಎಲೆಕ್ಟ್ರಾನು ಒಂದು ಅಣುವಿನಿಂದ ಇನ್ನೊಂದಕ್ಕೆ ಕುಪ್ಪಳಿಸಿಕೊಂಡು ಹೋಗಬೇಕು. ಅದು ಎಷ್ಟು ಸಲೀಸಾಗಿ ಚಲಿಸುತ್ತದೆ ಅನ್ನುವ ಅಳತೆಗೆ ಚಲನಶೀಲತೆ ಅನ್ನುತ್ತಾರೆ. ಸಿಲಿಕಾನ್‌ನಲ್ಲಿ ಅದು 1400ರ (cm²/V·s) ಆಸುಪಾಸು, ಇಲ್ಲಿ ಸಾಮಾನ್ಯವಾಗಿ ಒಂದಕ್ಕಿಂತಲೂ ಬಹಳ ಕಡಿಮೆ. ಪರದೆಗೆ ಅಷ್ಟೇ ಸಾಕು. ಲೇಸರಿಗೆ ಒಂದು ಚದರ ಸೆಂಟಿಮೀಟರಿಗೆ ನೂರಾರು ಆಂಪಿಯರ್ ಬೇಕು, ಪದರ ಬಿಸಿಯಾಗಿ ಸುಟ್ಟೇ ಹೋಗುತ್ತದೆ.

ಅದಕ್ಕಿಂತ ದೊಡ್ಡ ಕಾಟ ಟ್ರಿಪ್ಲೆಟ್‌ಗಳದ್ದು. ಎಲೆಕ್ಟ್ರಾನು, ಹೋಲ್ (ಎಲೆಕ್ಟ್ರಾನು ಇಲ್ಲದ ಖಾಲಿ ಜಾಗ) ಸೇರಿ ಎಕ್ಸೈಟಾನ್ ಅನ್ನುವ ಜೋಡಿ ಆಗುವಾಗ ಸ್ಪಿನ್ (ಎಲೆಕ್ಟ್ರಾನಿನ ಒಂದು ಸಹಜ ಕಾಂತೀಯ ಗುಣ) ಲೆಕ್ಕದಲ್ಲಿ ನಾಲ್ಕರಲ್ಲಿ ಒಂದು ಮಾತ್ರ ಸಿಂಗ್ಲೆಟ್ ಅನ್ನುವ ಬಗೆ, ಉಳಿದ ಮೂರು ಟ್ರಿಪ್ಲೆಟ್. ಸಿಂಗ್ಲೆಟ್ ಕೆಲವೇ ನ್ಯಾನೋಸೆಕೆಂಡಿನಲ್ಲಿ ಬೆಳಕು ಕೊಟ್ಟು ಮುಗಿಯುತ್ತದೆ. ಟ್ರಿಪ್ಲೆಟ್ ಅಷ್ಟು ಬೇಗ ಹೋಗುವುದೇ ಇಲ್ಲ, ರಾಶಿ ಬೀಳುತ್ತದೆ. ಬಿದ್ದಲ್ಲೇ ಲೇಸರಿನ ಬೆಳಕನ್ನು ನುಂಗುತ್ತದೆ, ಸಿಂಗ್ಲೆಟ್‌ಗಳನ್ನೂ ನಂದಿಸುತ್ತದೆ. ಪರದೆಯಲ್ಲಿ ಇರಿಡಿಯಂ ಲೋಹ ಇರುವ ಅಣು ಬಳಸಿ ಟ್ರಿಪ್ಲೆಟ್‌ನಿಂದಲೂ ಬೆಳಕು ತೆಗೆಯುತ್ತಾರೆ. ಲೇಸರಿಗೆ ಆ ಉಪಾಯ ನಿಧಾನವಾಯಿತು. ಇದರ ಮೇಲೆ ಲೋಹದ ಎಲೆಕ್ಟ್ರೋಡ್‌ಗಳೂ ತಮ್ಮ ಪಾಲಿನ ಬೆಳಕು ತಿನ್ನುತ್ತವೆ.

ಈ ಕ್ಷೇತ್ರದಲ್ಲೊಂದು ಹಗರಣವೂ ನಡೆದಿದೆ. ಕರೆಂಟಿನಿಂದ ಸಾವಯವ ಲೇಸರ್ ಮಾಡಿದೆ ಎಂದು ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾ ಸಂಸ್ಥೆಯ ಯಾನ್ ಹೆಂಡ್ರಿಕ್ ಶೋನ್ 2000ದಲ್ಲಿ ಪ್ರಕಟಿಸಿದ. 2002ರ ತನಿಖೆಯಲ್ಲಿ ಅವನ ಹಲವು ಪ್ರಬಂಧಗಳ ದತ್ತಾಂಶ ಕಟ್ಟುಕತೆ ಎಂದು ಬಯಲಾಯಿತು, ಆ ಲೇಸರ್ ಪ್ರಬಂಧವೂ ವಾಪಸಾಯಿತು.

ನಿಜವಾದ ದಾರಿ ತೆರೆದದ್ದು 2019ರಲ್ಲಿ. ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ಅಡಾಚಿ ಅವರ ತಂಡ, ಅಣು ಹೊರಸೂಸುವ ಬಣ್ಣವನ್ನು ಅದರದೇ ಟ್ರಿಪ್ಲೆಟ್ ನುಂಗದಂಥ ಅಣುವನ್ನು ಹುಡುಕಿ, ಚಿಕ್ಕ ಚಿಕ್ಕ ಮಿಡಿತಗಳಲ್ಲಿ ಕರೆಂಟ್ ಕೊಟ್ಟಿತು. 2023ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆ್ಯಂಡ್ರೂಸ್ ವಿಶ್ವವಿದ್ಯಾಲಯದ ತಂಡ ಬೇರೆ ಜಾಣತನ ತೋರಿಸಿತು. ಕರೆಂಟ್ ಹೋಗುವುದು ಓಎಲ್ಇಡಿಗೆ ಮಾತ್ರ, ಅದರ ಬೆಳಕು ಅಂಟಿಕೊಂಡಿರುವ ಲೇಸರ್ ಪದರವನ್ನು ಎಬ್ಬಿಸುತ್ತದೆ. ಕರೆಂಟಿನಿಂದಾಗುವ ಟ್ರಿಪ್ಲೆಟ್ ರಾಡಿ ಎಲ್ಲ ಓಎಲ್ಇಡಿ ಕಡೆಯೇ ಉಳಿಯಿತು. ನನಗೆ ಇದೇ ಜಾಸ್ತಿ ಇಷ್ಟ.

ಎರಡೂ ಮಿಡಿತಗಳಲ್ಲಿ ಓಡುವಂಥವು, ಬಿಡದೆ ಉರಿಯುವ ಲೇಸರ್ ಅಲ್ಲ. ನಿಮಗೆ ನೀಲಿ ಲೇಸರ್ ಪಾಯಿಂಟರ್ ಬೇಕಿದ್ದರೆ ಸದ್ಯಕ್ಕೆ ಗ್ಯಾಲಿಯಂ ನೈಟ್ರೈಡ್‌ನದ್ದೇ ಕೊಳ್ಳಿ.